ನಿಂಬೆ ಗಿಡದ ನೀರು

ಉಮ್ಮ ಕುರ್ಚಿಯ ಮೇಲೆ ಕೂತು ಸಂಜೆಯ ನಮಾಜು ಶುರು ಮಾಡಿದ್ದನ್ನು ನೋಡಿಕೊಂಡು ನೂರಿಯಾ ಅವಳ ಚೀಲಕ್ಕೆ ಕೈ ಹಾಕಿದಳು.

ಮೇಲೆ ಉಣ್ಣೆಯ ಶಾಲು ಇತ್ತು. ಅದರಡಿ ಕಾಲುಚೀಲ, ಅತ್ತರಿನ ಪುಟ್ಟ ಸೀಸೆ, ಮದೀನಾದಿಂದ ತಂದ ಜಪಮಣಿ. ಅಲ್ಲಾ, ನಲವತ್ತರ ಹತ್ತಿರ ಬಂದ ಹೆಂಗಸು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವವಳು, ಹೆತ್ತ ತಾಯಿಯ ಚೀಲವನ್ನು ಹೀಗೆ ತಡಕುವುದೆಂದರೇನು! ನಾಚಿಕೆಯಾಗುತ್ತಿತ್ತು, ಆದರೂ ಕೈ ನಿಲ್ಲಲಿಲ್ಲ. ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಮೂಗಿಗೆ ಹಿಡಿದು ನೋಡಿದಳು. ಒಣ ಅಂಜೂರ. ಕಳ್ಳನನ್ನು ಹಿಡಿದಂಥ ಒಂದು ಕೆಟ್ಟ ಸಮಾಧಾನ ಆಯಿತು.

ನಮಾಜಿನ ಕೊನೆಗೆ ಉಮ್ಮ ಬಲಕ್ಕೆ ತಿರುಗಿ ಸಲಾಂ ಹೇಳಿದಳು, ಆಮೇಲೆ ಎಡಕ್ಕೆ ತಿರುಗಿದಳು. ಎಡಕ್ಕೆ ತಿರುಗಿದರೆ ಮಗಳು, ಮಗಳ ಕೈಯಲ್ಲಿ ಗಂಟು.

"ಏನೇ ಹುಡುಕ್ತಿದ್ದೀಯ?"

"ಇದೇನುಮ್ಮಾ?"

"ಅಂಜೂರ. ಕಣ್ಣು ಕಾಣಲ್ವಾ?"

"ನನಗೆ ಕಾಣತ್ತೆ. ಡಾಕ್ಟ್ರಿಗೂ ಕಾಣ್ತಿದೆ, ನಿನ್ನ ರಕ್ತದಲ್ಲಿ! ಅಂಜೂರ ನಿಂಗೆ ವಿಷ ಅಂತ ಎಷ್ಟು ಸಲ ಹೇಳಿದ್ರು? ನಾನಿಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ರೆ ನೀನು..."

"ಗಂಟು ನೋಡು ಮೊದಲು," ಎಂದಳು ಉಮ್ಮ. ದನಿ ಏರಿಸಲಿಲ್ಲ. ಏರಿಸಿದರೆ ಉಸಿರು ಸಾಲುತ್ತಿರಲಿಲ್ಲ. "ಊರಲ್ಲಿ ನಾನು ದಾರ ಸುತ್ತಿ ಹೊಲಿಗೆ ಹಾಕಿದ್ದು ಹಾಗೇ ಇದೆಯಾ ಇಲ್ವಾ? ನನ್ನ ಎದೆ ಬಿಚ್ಚೋ ಡಾಕ್ಟ್ರಿಗೆ ಅಂತ ತಂದಿದ್ದು ಅದು. ನಿಮ್ಮಪ್ಪ ನೆಟ್ಟ ಮರದ್ದು. ಪ್ರಾಣ ಉಳಿಸೋರ ಮುಂದೆ ಬರಿಗೈಲಿ ನಿಂತ್ಕೊಳ್ಳೋಕೆ ಆಗತ್ತಾ? ನಾನೇನು ಕಳ್ಳಿನಾ ಮಗಳೇ?"

ಹೊಲಿಗೆ ಹಾಗೆಯೇ ಇತ್ತು. ನೂರಿಯಾ ಗಂಟನ್ನು ಇದ್ದಲ್ಲೇ ಇಟ್ಟು, ಶಾಲು ಮುಚ್ಚಿ, ಅಡುಗೆಮನೆಗೆ ಹೋದಳು. ಅಂಜೂರವೂ ಅಲ್ಲ ಎಂದಾದ ಮೇಲೆ ಇನ್ನೇನು?

ಲಿಬಿಯಾದ ಗರ್ಯಾನ್ ಬೆಟ್ಟದಿಂದ ಗಡಿ ದಾಟಿ ತಾಯಿ ಮಗಳು ಪಕ್ಕದ ದೇಶದ ಈ ಸ್ಫಾಕ್ಸ್ ಊರಿಗೆ ಬಂದಾಗ ಇನ್ನೂ ಚಳಿ ಬಿಟ್ಟಿರಲಿಲ್ಲ. ಈಗ ಮಧ್ಯಾಹ್ನ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲು ಇಡುವ ಹಾಗಿಲ್ಲ. ಲಿಬಿಯಾದವರಿಗೆ ಸ್ಫಾಕ್ಸ್ ಎಂದರೆ ಆಸ್ಪತ್ರೆ. ಅರ್ಧ ಬೆಟ್ಟ ಇಲ್ಲಿಗೆ ಬಂದು ಕಣ್ಣು, ಮೊಣಕಾಲು, ಬಸಿರು ಎಲ್ಲವನ್ನೂ ತೋರಿಸಿಕೊಂಡು ಹೋಗುತ್ತದೆ. ಉಮ್ಮನದು, ಅಂದರೆ ಹಜ್ ಮಾಡಿಬಂದ ಹಜ್ಜಮ್ಮ ಗಜಾಲಾಳದ್ದು, ಹೃದಯ. ಅದರ ಒಂದು ಕವಾಟ ಸುಣ್ಣಗಟ್ಟಿ ಬಿಗಿದುಹೋಗಿತ್ತು, ಬದಲಾಯಿಸಬೇಕು. ಬದಲಾಯಿಸಲು ಅರಿವಳಿಕೆ ಕೊಡಬೇಕು. ಅಲ್ಲೇ ಇದ್ದದ್ದು ತೊಡಕು. ಅವಳ ಮೂತ್ರಪಿಂಡಗಳು ಅರ್ಧ ಕೆಲಸ ನಿಲ್ಲಿಸಿದ್ದವು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಕೂತಿತ್ತು. "ಇಷ್ಟು ಏರಿದಾಗ ಕೊಯ್ದರೆ ಮೇಜಿನ ಮೇಲೆ ಹೃದಯ ನಿಂತು ಹೋಗಬಹುದು. ಅದು ಇಳೀಲಿ, ಮಾರನೇ ದಿನವೇ ಮಾಡೋಣ," ಎಂದಿದ್ದರು ಹಾಜರ್ ಎಂಬ ಹೃದಯದ ಡಾಕ್ಟರಮ್ಮ. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುಂದೆ ಹೋಗಿತ್ತು. ಮಾತ್ರೆಗಳನ್ನೆಲ್ಲ ಬದಲಾಯಿಸಿ ನೋಡಿಯೂ ಆಗಿತ್ತು. "ಊಟದಲ್ಲೇ ಎಲ್ಲೋ ಇದೆ, ಹುಡುಕಿ," ಎಂದು ಡಾಕ್ಟರು ನೂರಿಯಾಳ ಮುಖ ನೋಡಿ ಹೇಳಿದ್ದರು.

ಉಮ್ಮ ಆವತ್ತೇ ತನ್ನ ಮಾತು ಹೇಳಿಬಿಟ್ಟಿದ್ದಳು. "ಇನ್ನೊಂದು ಸಲ ನೋಡ್ತೀನಿ. ಆಗಲೂ ಆಗಲ್ಲ ಅಂದ್ರೆ ನನ್ನ ಮನೆಗೆ ಕರ್ಕೊಂಡು ಹೋಗು. ಬಾಡಿಗೆ ಮನೆ ಸೂರು ನೋಡ್ತಾ ನಾನು ಸಾಯಲ್ಲ." ಹೇಳಿದರೆ ಹೇಳಿದ್ದೇ, ಆ ಹೆಂಗಸು. ಗಂಡ ಸತ್ತಾಗ ಮೈದುನಂದಿರ ಮನೆಗೆ ಬರುವುದಿಲ್ಲ ಎಂದವಳು ಇವತ್ತಿನವರೆಗೂ ಹೋಗಿರಲಿಲ್ಲ. ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ಬರುವ ಚಳಿಗಾಲ ಕಾಣುವುದು ಕಷ್ಟ ಎಂದು ಡಾಕ್ಟರು ನೂರಿಯಾಳಿಗೆ ಬೇರೆಯಾಗಿ ಹೇಳಿದ್ದರು. ಮುಂದಿನ ರಕ್ತ ಪರೀಕ್ಷೆಗೆ ಹತ್ತು ದಿನವೂ ಇರಲಿಲ್ಲ.

ಹಾಗಾಗಿ ನೂರಿಯಾಳ ತಲೆಯೊಳಗೆ ಹಗಲೂ ಇರುಳೂ ಒಂದೇ ಲೆಕ್ಕ ಓಡುತ್ತಿತ್ತು. ಖರ್ಜೂರ ಇಲ್ಲ, ಟೊಮೆಟೊ ಇಲ್ಲ, ಬಾಳೆಹಣ್ಣು, ಕಡಲೆ, ಮಸೂರದ ಬೇಳೆ ಯಾವುದೂ ಇಲ್ಲ. ಟೊಮೆಟೊ ಇಲ್ಲದೆ ಲಿಬಿಯಾದವರಿಗೆ ಅಡುಗೆಯೇ ಇಲ್ಲ, ಇನ್ನು ಹೇಗೆ ತಿನ್ನಿಸುವುದು? ಆಲೂಗಡ್ಡೆ, ಕುಂಬಳ, ಗಜ್ಜರಿಯನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಒಂದು ನೀರಿನಲ್ಲಿ ಬೇಯಿಸಿ ಆ ನೀರು ತೆಗೆದು, ಮತ್ತೊಂದು ನೀರಿನಲ್ಲಿ ಬೇಯಿಸಿ ಅದನ್ನೂ ತೆಗೆದು, ಆಮೇಲೆ ಉಳಿದ ಸಪ್ಪೆಯನ್ನು ಒಂದಿಷ್ಟು ಆಲಿವ್ ಎಣ್ಣೆಯಲ್ಲಿ ಬಾಡಿಸಿ ಕೊಡುತ್ತಿದ್ದಳು. ಉಪ್ಪಂತೂ ಮನೆಯೊಳಗೇ ಇರಲಿಲ್ಲ. ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ಅಂಗಡಿಯವನು, "ಪರೀಕ್ಷೆಗೆ ಓದ್ತಿದ್ದೀರಾ ಅಕ್ಕಾ?" ಎಂದು ಚುಡಾಯಿಸಿದರೆ ನಗು ಬರುತ್ತಿರಲಿಲ್ಲ.

ಬೇಕರಿಯ ರೊಟ್ಟಿಗೆ ಉಪ್ಪು ಇರುತ್ತದೆ. ಅದಕ್ಕೇ ರೊಟ್ಟಿ ಮನೆಯಲ್ಲೇ ಆಗಬೇಕಿತ್ತು. ನೂರಿಯಾಳಿಗೆ ಹಿಟ್ಟು ನಾದಲು ಬಾರದು. ಬಾರದು ಎಂದರೆ ಕಲಿಯಲಿಲ್ಲ, ಉಮ್ಮ ಇರುವಾಗ ಬೇಕಾಗಿರಲಿಲ್ಲ. "ಅದೊಂದು ನಂಗೆ ಬಿಡು," ಎಂದು ಉಮ್ಮ ಹಟ ಹಿಡಿದಿದ್ದಳು. "ಕೂತ್ಕೊಂಡು ಮಾಡೋ ಕೆಲಸ. ಕೈ ಕಟ್ಟಿ ಕೂತ್ರೆ ಎದೆ ನಿಲ್ಲೋ ಮುಂಚೆ ತಲೆ ಕೆಡತ್ತೆ." ದಿನಾ ಬೆಳಿಗ್ಗೆ ಮಗಳು ಏಳುವ ಮೊದಲೇ ಹಿಟ್ಟು ನಾದಿ ಬಟ್ಟೆ ಮುಚ್ಚಿ ಇಟ್ಟಿರುತ್ತಿದ್ದಳು. ಉಪ್ಪಿಲ್ಲದಿದ್ದರೂ ಆ ರೊಟ್ಟಿ ರೊಟ್ಟಿಯ ಹಾಗಿರುತ್ತಿತ್ತು. ಇಡೀ ದಿನದಲ್ಲಿ ಇಬ್ಬರೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದದ್ದು ಅದೊಂದನ್ನೇ.

ಮಿಲಾದ್ ದಿನಾ ಫೋನು ಮಾಡುತ್ತಿದ್ದ. ನೂರಿಯಾಳ ತಮ್ಮ, ಗರ್ಯಾನಿನಲ್ಲಿ ಕಾರಿನ ಬಿಡಿಭಾಗದ ಅಂಗಡಿ ಇಟ್ಟವನು. ಆ ಸಂಜೆ ಉಮ್ಮನ ಕಿವಿಗೆ ಬೀಳದಿರಲೆಂದು ಅವಳು ಅಂಗಳಕ್ಕೆ ಬಂದು ಮಾತಾಡಿದಳು.

"ಅಕ್ಕಾ, ನೀನಲ್ಲಿ ಮಾಡ್ತಿರೋದಾದ್ರೂ ಏನು?" ಎಂದ ಅವನು. "ಎರಡು ಸಲ ಆಯ್ತು. ಊರವರು ಕೇಳ್ತಾರೆ, ನಾನೇನು ಹೇಳ್ಲಿ? ಅವಳಿಗೆ ತಿನ್ನಿಸೋದು ನೀನೊಬ್ಳೇ ತಾನೇ?"

"ಹೌದಪ್ಪ, ನಾನೊಬ್ಳೇ."

"ಮತ್ತೆ? ಗಾಳಿಯಿಂದ ಬರತ್ತಾ ಅದು? ಪಾಪ ಅಂತ ಏನಾದ್ರೂ ಕೊಡ್ತಿದ್ದೀಯಾ ಹೇಳು. ಅವಳು ಕೇಳಿದ್ರೆ ನೀನು ಇಲ್ಲ ಅನ್ನಲ್ಲ, ನಂಗೊತ್ತು."

"ಬಂದು ನೀನೇ ಮಾಡು ಹಾಗಾದ್ರೆ! ಬಾ!" ಎಂದು ಅವಳು ಫೋನು ಇಟ್ಟಳು. ಅಳು ಬಂದದ್ದು ತಮ್ಮನ ಮಾತಿಗಲ್ಲ. ಅವನು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತಲ್ಲ, ಅದಕ್ಕೆ. ಉಮ್ಮನ ಬಾಯಿಗೆ ಹೋಗುವುದೆಲ್ಲ ತನ್ನ ಕೈಯಿಂದಲೇ ಹೋಗುತ್ತಿತ್ತು. ಹಾಗಾದರೆ ತಪ್ಪೂ ತನ್ನ ಕೈಯಲ್ಲೇ ಇರಬೇಕು.

"ಯಾರ ಮೇಲೆ ಕೂಗಾಡ್ತಿದ್ದೀಯೇ?" ಮೇಲಿನಿಂದ ದನಿ ಬಂತು. ಮನೆಯೊಡತಿ ದಲೆಂದಾ ಮಹಡಿಯ ಮೆಟ್ಟಿಲ ಮೇಲೆ ಒಂದು ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು. ಗಂಡ ಸತ್ತ ಮೇಲೆ ಕೆಳಗಿನ ಭಾಗವನ್ನು ಆಸ್ಪತ್ರೆಗೆ ಬರುವವರಿಗೆ ಬಾಡಿಗೆ ಕೊಟ್ಟುಕೊಂಡು ಬದುಕುವವಳು. ನಾಲಿಗೆ ಚೂಪು, ಕರುಳು ಮೆತ್ತಗೆ. "ತಗೋ, ಮೀನು ಮಾಡಿದ್ದೆ."

ಮುಚ್ಚಳ ತೆಗೆಯುವ ಮೊದಲೇ ಟೊಮೆಟೊ, ಕೆಂಪು ಮೆಣಸಿನಕಾಯಿಯ ವಾಸನೆ ಬಂತು. ನೆರೆಯವಳ ತಟ್ಟೆಯನ್ನು ಹಿಂದಕ್ಕೆ ಕಳಿಸುವುದು ಮುಖಕ್ಕೆ ಹೊಡೆದ ಹಾಗೆ. ನೂರಿಯಾ ತೆಗೆದುಕೊಂಡಳು. ಇಂಥವನ್ನು ಅವಳು ಬಾಗಿಲು ಹಾಕಿಕೊಂಡು ಬಚ್ಚಲ ಬಳಿ ನಿಂತೇ ಗಬಗಬ ತಿಂದು, ತಟ್ಟೆ ತೊಳೆದು, ಅದರಲ್ಲೊಂದು ರೊಟ್ಟಿ ಇಟ್ಟು ವಾಪಸು ಕೊಡುತ್ತಿದ್ದಳು. ಉಮ್ಮನ ಕಣ್ಣಮುಂದೆ ತಿನ್ನಲು ಮನಸ್ಸು ಬರುತ್ತಿರಲಿಲ್ಲ.

"ಅದಿರಲಿ," ದಲೆಂದಾ ಕೊನೆಯ ಮೆಟ್ಟಿಲಿಳಿದು ಸೊಂಟಕ್ಕೆ ಕೈ ಇಟ್ಟಳು. "ನಿಮ್ಮಮ್ಮ ತರಕಾರಿ ಬೇಯಿಸಿದ ನೀರು ನನ್ನ ನಿಂಬೆ ಗಿಡಕ್ಕೆ ಹಾಕ್ತೀನಿ ಅಂತ ಬಾಯಿ ತುಂಬ ಹೇಳಿದ್ರಲ್ಲ. ಹಾಕ್ತಾರೆ ಅಂತ ನಾನೂ ಬಿಟ್ಟುಬಿಟ್ಟೆ. ನೋಡು ಇಲ್ಲಿ, ಎಲೆ ಹೇಗೆ ಸುರುಟಿದೆ! ಸ್ಫಾಕ್ಸಿನೋರು ಜಿಪುಣರು ಅಂತ ಲೋಕ ಎಲ್ಲ ನಗತ್ತೆ. ನೀವು ಬೆಟ್ಟದೋರು ನಮಗೇ ಪಾಠ ಹೇಳ್ತೀರಲ್ಲೇ!"

"ದಿನಾ ಹಾಕ್ತಾರಲ್ಲ ಚಿಕ್ಕಮ್ಮ."

"ಎಲ್ಲಿಗೆ ಹಾಕ್ತಾರೋ? ಮಣ್ಣು ನೋಡು."

ನೂರಿಯಾ ಬಗ್ಗಿ ಬುಡಕ್ಕೆ ಬೆರಳು ಊರಿದಳು. ಬೆರಳು ಹೋಗಲಿಲ್ಲ. ಮಣ್ಣು ಬಿರಿದು ಇಟ್ಟಿಗೆಯಾಗಿತ್ತು.

ಆ ನೀರಿನದ್ದೂ ಒಂದು ಕಥೆ. ಬಂದ ಹೊಸತರಲ್ಲಿ ನೂರಿಯಾ ಬೆಂದ ನೀರನ್ನು ಬಚ್ಚಲಿಗೆ ಸುರಿಯಹೋದಾಗ ಉಮ್ಮ ಓಡಿ ಬಂದು ಕೈ ಹಿಡಿದಿದ್ದಳು. ಏದುಸಿರು ಬಿಡುತ್ತ ಗೋಡೆಗೆ ಒರಗಿ, "ತರಕಾರಿ ಬೆಂದ ನೀರನ್ನ ಕೊಳಚೆಗೆ ಸುರೀತಾರೇನೇ? ದೇವರ ಕೊಡುಗೆ ಅದು, ಕಾಲು ತೊಳೆದ ನೀರಿನ ಜೊತೆ ಹೋಗಬಾರದು," ಎಂದಿದ್ದಳು. ಬೆಟ್ಟದಲ್ಲಿ ಅವಳು ಬೆಳೆದ ಮನೆಗೆ ನೆಲದೊಳಗಿನ ಮಳೆನೀರಿನ ತೊಟ್ಟಿಯೇ ಆಧಾರ. ಮುಂಗೈ ತೊಳೆದ ನೀರು ಗಿಡಕ್ಕೆ, ಗಿಡಕ್ಕೆ ಹೆಚ್ಚಾದದ್ದು ಮೇಕೆಗೆ. ಅಂಥವಳ ಜೊತೆ ವಾದ ಮಾಡಿ ಗೆಲ್ಲುವುದುಂಟೇ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು, ನೀರನ್ನು ಪಾತ್ರೆಯಲ್ಲಿ ಆರಲು ಬಿಟ್ಟು ಮರುದಿನ ನಿಂಬೆ ಗಿಡಕ್ಕೆ ಹಾಕುವುದೆಂದು ಗೊತ್ತಾಯಿತು. "ನಾನೇ ಹಾಕ್ತೀನಿ, ನಾಲ್ಕು ಹೆಜ್ಜೆ ನಡೆದ ಹಾಗೂ ಆಗತ್ತೆ," ಎಂದಿದ್ದಳು ಉಮ್ಮ. ಬೆಳಿಗ್ಗೆ ನೋಡಿದರೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿತ್ತು. ಆಮೇಲೆ ನೂರಿಯಾ ಅದರ ಬಗ್ಗೆ ಯೋಚಿಸಿರಲಿಲ್ಲ.

ಮರುದಿನ ಅವಳು ಬೆಳಗಿನ ಬಾಂಗಿಗೇ ಎದ್ದಳು. ಅಡುಗೆಮನೆಯಲ್ಲಿ ದೀಪ ಇತ್ತು. ಬಾಗಿಲ ಮರೆಯಲ್ಲಿ ನಿಂತು ನೋಡಿದಳು.

ಉಮ್ಮ ತಗ್ಗು ಸ್ಟೂಲಿನ ಮೇಲೆ ಕೂತಿದ್ದಳು. ಮುಂದೆ ಬೋಗುಣಿ, ಅದರಲ್ಲಿ ರವೆ ಹಿಟ್ಟಿನ ಗುಡ್ಡೆ, ನಡುವೆ ಗುಳಿ. ಮೊದಲು ನಲ್ಲಿ ತಿರುಗಿಸಿದಳು. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬೇಸಿಗೆ ಬಂದ ಮೇಲೆ ಬೆಳಗಿನ ಹೊತ್ತು ನೀರು ಬರುತ್ತಲೇ ಇರಲಿಲ್ಲ. ಆಗ ಉಮ್ಮ ಪಕ್ಕದ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ಬಿಸ್ಮಿಲ್ಲಾ ಎಂದು, ನಿನ್ನೆಯ ಆಲೂಗಡ್ಡೆ ಕುಂಬಳ ಬೆಂದ ಮಬ್ಬು ನೀರನ್ನು ಲೋಟದಲ್ಲಿ ಮೊಗೆದು ಹಿಟ್ಟಿನ ಗುಳಿಗೆ ಹೊಯ್ದಳು. ಒಂದು ಲೋಟ. ಆಮೇಲೆ ಇನ್ನೊಂದು.

"ಉಮ್ಮಾ!"

ಕಿರುಚಿದ್ದಕ್ಕೆ ಮುದುಕಿಯ ಕೈಯಿಂದ ಲೋಟ ಬಿತ್ತು. ನೂರಿಯಾ ಒಳಗೆ ನುಗ್ಗಿ ಪಾತ್ರೆಯನ್ನು ಕಿತ್ತುಕೊಂಡಳು. "ಎಷ್ಟು ದಿನದಿಂದ? ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀಯ? ಗಿಡಕ್ಕೆ ಹಾಕು ಅಂದಿರಲಿಲ್ವಾ ನಾನು?"

"ಹಾಕ್ತಿದ್ದೆ ಕಣೇ ಮೊದಮೊದಲು," ಉಮ್ಮ ತಬ್ಬಿಬ್ಬಾಗಿ ನೋಡಿದಳು. "ಆಮೇಲೆ ಬೆಳಿಗ್ಗೆ ನಲ್ಲಿ ನಿಂತುಹೋಯ್ತಲ್ಲ. ಹಿಟ್ಟಿಗೆ ಹೇಗೂ ನೀರು ಬೇಕು. ಕಾಯಿಸಿ ಆರಿಸಿದ ನೀರು, ಚೊಕ್ಕಟವಾಗಿದೆ. ಅದರಲ್ಲೇನಿದೆ?"

"ಎಲ್ಲ ಅದರಲ್ಲೇ ಇರೋದು! ತರಕಾರಿಯಿಂದ ಆ ವಿಷ ಇಳಿದು ನೀರಿಗೆ ಬರತ್ತೆ. ಅದಕ್ಕೇ ಎರಡೆರಡು ಸಲ ಬೇಯ್ಸೋದು, ಅದಕ್ಕೇ ಚೆಲ್ಲೋದು! ನಾನು ಒಂದೊಂದೇ ಚೂರಿನಿಂದ ಹಿಂಡಿ ತೆಗೆದಿದ್ದನ್ನ ನೀನು ಹಿಟ್ಟಲ್ಲಿ ಕಲಸಿ..." ತಾನು ಹೆಚ್ಚು ಜಾಗ್ರತೆ ಮಾಡಿದಷ್ಟೂ, ಹೆಚ್ಚು ತರಕಾರಿ ಬೇಯಿಸಿದಷ್ಟೂ ಆ ರೊಟ್ಟಿಗೆ ಹೆಚ್ಚು ಸೇರುತ್ತ ಹೋಗಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು.

ಉಮ್ಮ ಹಿಟ್ಟು ಮೆತ್ತಿದ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಅಂದ್ರೆ ಇಷ್ಟು ದಿನ ನಿಂಗೂ ಅದನ್ನೇ ತಿನ್ನಿಸ್ದೆನಾ?" ಎಂದಳು.

"ನಂಗೇನೂ ಆಗಲ್ಲ. ನನ್ನ ಮೂತ್ರಪಿಂಡ ಸರಿಯಾಗಿದೆ."

"ದೇವರು ದೊಡ್ಡವನು," ಎಂದು ಉಸಿರು ಬಿಟ್ಟಳು. ಆಮೇಲೆ ಕೇಳಿದಳು. "ಚೆಲ್ಲು ಅಂದೆ. ಯಾಕೆ ಅಂತ ಯಾಕೆ ಹೇಳ್ಲಿಲ್ಲ ಮಗಳೇ?"

"ಡಾಕ್ಟ್ರು ಹೇಳಿದಾರೆ ಅಂದಿದ್ನಲ್ಲ."

"ಡಾಕ್ಟ್ರು ಹೇಳಿದಾರೆ ಅಂದೆ. ಶಾಲೇಲಿ ಮಳೆ ಯಾಕೆ ಬರತ್ತೆ, ಸಮುದ್ರ ಯಾಕೆ ಉಪ್ಪು ಅಂತ ಊರ ಮಕ್ಕಳಿಗೆಲ್ಲ ಬಿಡಿಸಿ ಹೇಳ್ತೀಯಂತೆ. ನಂಗೆ ಹೇಳೋಕೆ ಏನಾಗಿತ್ತು? ಮುದುಕಿಗೆ ಏನು ಅರ್ಥ ಆಗತ್ತೆ ಅಂತಾನಾ?"

ಅದೇ ನಿಜವಾಗಿತ್ತು. ಹಾಗೆಂದೇ ಅವಳು ಹೇಳಿರಲಿಲ್ಲ. ನೂರಿಯಾ ಪಾತ್ರೆ ಹಿಡಿದುಕೊಂಡೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಉಮ್ಮ ಸಮಾಧಾನ ಮಾಡಲಿಲ್ಲ. ಬೋಗುಣಿಯ ಹಿಟ್ಟನ್ನು ಮುಚ್ಚಿ ಪಕ್ಕಕ್ಕೆ ತಳ್ಳಿ, ಕೈ ತೊಳೆಯಲು ನೀರಿಲ್ಲದೆ ಬಟ್ಟೆಗೆ ಒರೆಸಿಕೊಂಡು, ಗೋಡೆ ಹಿಡಿದು ಕೋಣೆಗೆ ಹೋಗಿಬಿಟ್ಟಳು.

ಆ ದಿನ ಮಿಲಾದನ ಫೋನು ಬಂದಾಗ ನೂರಿಯಾ ಎತ್ತುವ ಮೊದಲೇ ಉಮ್ಮ ಕೈ ಚಾಚಿದಳು.

"ನಿನ್ನೆ ನಿಮ್ಮಕ್ಕನ ಹತ್ರ ಏನಂದೆ?" ಎಂದು ಶುರು ಮಾಡಿದಳು. "ನನ್ನ ಕಿವಿ ಇನ್ನೂ ಸತ್ತಿಲ್ಲ. ಕಿಟಕಿ ತೆರೆದಿತ್ತು. ಕೇಳು, ಅವಳ ಕೈಯಲ್ಲಿ ತಪ್ಪಿಲ್ಲ. ನನ್ನ ಕೈಯಲ್ಲಿತ್ತು. ಹ್ಞಾಂ, ನನ್ನ ಕೈಯಲ್ಲೇ. ಏನು ಅಂತ ನಿಂಗ್ಯಾಕೆ? ನಿಂಗೆ ಒಂದು ಮೊಟ್ಟೆ ಬೇಯ್ಸೋಕೆ ಬರತ್ತಾ? ಬರಲ್ಲ ತಾನೇ? ಬಾಯಿ ಮುಚ್ಕೊಂಡು ಅಕ್ಕನ ಹತ್ರ ಕ್ಷಮಿಸು ಅನ್ನು." ಫೋನನ್ನು ನೂರಿಯಾಳ ಕಿವಿಗೆ ಹಿಡಿದಳು. ಆ ಕಡೆ ಮಿಲಾದ್ ಅದೇನೋ ತೊದಲಿದ. ನೂರಿಯಾಳಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಆದರೆ ಅಡುಗೆಮನೆಗೆ ಮಾತ್ರ ಉಮ್ಮ ಬರಲೊಲ್ಲಳು. "ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ," ಎಂದು ಕಿಟಕಿಯ ಬಳಿ ಕೂತುಬಿಟ್ಟಳು. ಮರುದಿನವೂ ಅಷ್ಟೇ. ಹಸಿವಿಲ್ಲ ಎಂದಳು, ಬೆಂದ ಸಪ್ಪೆಯನ್ನೂ ಮುಟ್ಟಲಿಲ್ಲ. ನೂರಿಯಾ ಒಂದು ಸಲ ಕೋಣೆಗೆ, ಒಂದು ಸಲ ಅಡುಗೆಮನೆಗೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ರಕ್ತದ ಪೊಟ್ಯಾಸಿಯಂ ಇಳಿಯಬೇಕು ನಿಜ, ಆದರೆ ಆಳೇ ಇಳಿದುಹೋದರೆ? ಕೊನೆಗೆ ತಾನೇ ಹಿಟ್ಟು ಕಲಸಿದಳು. ಕಲಸಿದಳು, ನಾದಿದಳು, ಬೇಯಿಸಿದಳು, ತಟ್ಟೆಯಲ್ಲಿಟ್ಟು ತಂದಳು.

ಉಮ್ಮ ಅದನ್ನು ಎತ್ತಿ ನೋಡಿ ಕಿಟಕಿಯ ಕಟ್ಟೆಗೆ ಬಡಿದಳು. ಟಕ್ ಎಂದಿತು.

"ಇದು ರೊಟ್ಟಿನೋ ಚಪ್ಪಲಿ ಅಟ್ಟೆನೋ?"

"ತಿನ್ನು ಉಮ್ಮ. ಉಪ್ಪಿಲ್ಲ, ನೀರೂ ಒಳ್ಳೇದು. ಸಂಜೆನೇ ಹಿಡಿದಿಟ್ಟಿದ್ದೆ."

"ನೀರು ಒಳ್ಳೇದು. ಹಲ್ಲು ಯಾರದ್ದು ಕೊಡ್ತೀಯ?" ಎಂದು ಸಿಡುಕಿದಳು. ಆಮೇಲೆ ಒಳಗಿನ ಕಸಿವಿಸಿ ತಡೆಯಲಾರದೆ ಎದ್ದೇಬಿಟ್ಟಳು. "ನಡಿ. ನೀರಿನ ಕೊಡ ಎಲ್ಲಿಟ್ಟಿದ್ದೀಯ ತೋರಿಸು. ಆ ಪಾತ್ರೆ ಮಾತ್ರ ನನ್ನ ಕೈಗೆ ಎಟುಕದ ಹಾಗೆ ದೂರ ಇಡು."

ಅವತ್ತಿನಿಂದ ಸಂಜೆ ತಾಯಿ ಮಗಳು ಒಟ್ಟಿಗೆ ಅಂಗಳಕ್ಕೆ ಹೋಗುವುದು ರೂಢಿಯಾಯಿತು. ಪಾತ್ರೆ ನೂರಿಯಾಳ ಕೈಯಲ್ಲಿ, ಬಿಸ್ಮಿಲ್ಲಾ ಉಮ್ಮನ ಬಾಯಲ್ಲಿ. ಮೊದಲ ದಿನ ಮಣ್ಣು ನೀರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ, ಸುತ್ತ ಹರಿದು ಹೋಯಿತು. ಉಮ್ಮ ಊರುಗೋಲಿನ ತುದಿಯಿಂದ ಬುಡ ಕೆದಕಿಸಿ, ಮತ್ತೆ ಹಾಕಿಸಿದಳು. ಮಹಡಿಯಿಂದ ದಲೆಂದಾ ಬಗ್ಗಿ, "ಅಬ್ಬಾ, ಬೆಟ್ಟದೋರ ಕೈ ಬಿಚ್ತು ನೋಡ್ರಪ್ಪಾ!" ಎಂದಳು. "ನಿನ್ನ ಕೈಯಿಂದ ಒಂದು ನಿಂಬೆಹಣ್ಣು ಬಿದ್ರೆ ಹೇಳಿ ಕಳಿಸು, ನೋಡೋಕೆ ಬರ್ತೀವಿ!" ಎಂದು ಉಮ್ಮ ತಿರುಗಿಸಿ ಕೊಟ್ಟಳು. ಇಬ್ಬರು ಮುದುಕಿಯರೂ ನಕ್ಕರು. ನೂರಿಯಾ ಮಾತ್ರ ನಗಲಾರದೆ ದಿನ ಎಣಿಸುತ್ತಿದ್ದಳು. ಸಾಕೇ ಈ ನಾಲ್ಕಾರು ದಿನ? ಇಳಿದೀತೇ? ಇಳಿಯದಿದ್ದರೆ ಗಂಟುಮೂಟೆ ಕಟ್ಟಬೇಕು, ಬೆಟ್ಟ ಹತ್ತಬೇಕು, ಚಳಿಗಾಲಕ್ಕೆ ಕಾಯಬೇಕು.

ಪರೀಕ್ಷೆಯ ದಿನ ರಕ್ತ ಕೊಟ್ಟು ಕಾಯುವಾಗ ಅವಳು ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಕಡೆ ಕೂರಲಿಲ್ಲ. "ನೀನು ಹೀಗೆ ತಿರುಗಿದ್ರೆ ನಂಗೆ ತಲೆ ಸುತ್ತತ್ತೆ, ಕೂತ್ಕೋ," ಎಂದು ಉಮ್ಮ ಗದರಿದರೆ ಒಂದು ಕ್ಷಣ ಕೂತು ಮತ್ತೆ ಎದ್ದಳು. ಕೊನೆಗೆ ಒಳಗೆ ಕರೆದರು.

ಡಾಕ್ಟರ್ ಹಾಜರ್ ಕಾಗದ ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ನೂರಿಯಾ ಉಮ್ಮನ ತೋಳು ಬಿಗಿಯಾಗಿ ಹಿಡಿದಳು.

"ಇಳಿದಿದೆ," ಎಂದರು ಡಾಕ್ಟರು. "ಚೆನ್ನಾಗೇ ಇಳಿದಿದೆ. ಇದು ಹೀಗೇ ಇದ್ದರೆ ಸೋಮವಾರ ಮಾಡಿಬಿಡೋಣ. ಹಜ್ಜಮ್ಮ, ಏನು ಬದಲಾಯಿಸಿದ್ರಿ? ಬೇರೆ ರೋಗಿಗಳಿಗೂ ಹೇಳ್ತೀನಿ."

ನೂರಿಯಾ ಬಾಯಿ ತೆರೆದಳು. ಅಷ್ಟರಲ್ಲಿ ಉಮ್ಮ, "ಏನಿಲ್ಲ ಡಾಕ್ಟ್ರಮ್ಮ. ನಿಂಬೆ ಗಿಡಕ್ಕೆ ನೀರು ಹಾಕಿದ್ವಿ," ಎಂದಳು.

ಡಾಕ್ಟರಿಗೆ ಅದು ಹರಕೆಯೋ ಪುಣ್ಯದ ಕೆಲಸವೋ ಎನ್ನಿಸಿರಬೇಕು. "ಒಳ್ಳೇದೇ," ಎಂದು ನಕ್ಕರು. ಉಮ್ಮ ಶಾಲಿನಡಿಯಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟಳು. "ಅಂಜೂರ. ಹೊಲಿಗೆ ನೀವೇ ಬಿಚ್ಚಬೇಕು. ಬಿಚ್ಚಿ ಹೊಲಿಯೋದು ನಿಮ್ಮ ಕೆಲಸ ಅಲ್ವಾ?" ಎಂದಾಗ ಮಗಳ ಕಡೆ ಒಮ್ಮೆ ನೋಡಿದಳು. ನೂರಿಯಾ ತಲೆ ತಗ್ಗಿಸಿದಳು.

ಸೋಮವಾರ ಬೆಳಿಗ್ಗೆ ಗಾಲಿ ಮಂಚದ ಮೇಲೆ ಒಯ್ಯುವಾಗ ಉಮ್ಮ ದೇವರ ಹೆಸರು ಹೇಳಿದಳು, ಆಮೇಲೆ ಮಗಳನ್ನು ಬಗ್ಗಲು ಹೇಳಿ ಕಿವಿಯಲ್ಲಿ, "ಬರೋ ಮುಂಚೆ ಹಿಟ್ಟು ನಾದಿಟ್ಟಿದ್ದೀನಿ. ಹುಳಿ ಬರೋಕೆ ಬಿಡಬೇಡ," ಎಂದಳು. ಬಾಗಿಲು ಮುಚ್ಚಿತು. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು ಕವಾಟ ಕೂತಿದೆ, ಇನ್ನು ಎಚ್ಚರ ಆಗಬೇಕು, ಆ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಮನೆಗೆ ಹೋಗಿ ಎಂದರು. "ಎಚ್ಚರ ಆಗತ್ತೆ ತಾನೇ?" ಎಂದು ನೂರಿಯಾ ಕೇಳಿದಳು. "ವಯಸ್ಸಾಗಿದೆ, ಕಾಯೋಣ," ಎಂದರು.

ಮನೆಯಲ್ಲಿ ಹಿಟ್ಟು ಉಬ್ಬಿ ಬೋಗುಣಿಯ ಅಂಚು ದಾಟಿ ಬಟ್ಟೆಯನ್ನು ಎತ್ತಿತ್ತು. ಅವಳು ಉಂಡೆ ಮಾಡಿ ಬೇಯಿಸಿದಳು. ರೊಟ್ಟಿ ಹೂವಿನ ಹಾಗೆ ಬಂತು. ಒಂದು ತುತ್ತು ಮುರಿದು ಮತ್ತೆ ತಟ್ಟೆಗೇ ಇಟ್ಟಳು. ದಲೆಂದಾ ಬಂದು ಪಕ್ಕದಲ್ಲಿ ಕೂತು, ಬೈದು, ತಲೆ ಸವರಿ ಹೋದಳು. ಮಿಲಾದನ ಫೋನು ಬಂದಾಗಲೆಲ್ಲ ಆಸ್ಪತ್ರೆಯದೆಂದು ಓಡಿ ಬಂದು ಎತ್ತುತ್ತಿದ್ದಳು. "ಇನ್ನು ನಾನು ಫೋನು ಮಾಡೋವರೆಗೂ ನೀನು ಮಾಡ್ಬೇಡ ಕಣೋ," ಎಂದು ಅವನಿಗೆ ಹೇಳಿದಳು.

ಮಾರನೆಯ ದಿನವೂ ಎಚ್ಚರವಾದ ಸುದ್ದಿ ಇರಲಿಲ್ಲ. ಕೂತರೆ ಕೂರಲಾಗದೆ, ನಿಂತರೆ ನಿಲ್ಲಲಾಗದೆ ನೂರಿಯಾ ಆಲೂಗಡ್ಡೆ ಸಿಪ್ಪೆ ತೆಗೆದಳು. ಸಣ್ಣಗೆ ಹೆಚ್ಚಿದಳು. ತನಗೊಬ್ಬಳಿಗೆ ಬೇಕಾಗಿಯೇ ಇರಲಿಲ್ಲ, ಆದರೂ ಒಂದು ನೀರಿನಲ್ಲಿ ಬೇಯಿಸಿ ಬಸಿದಳು, ಇನ್ನೊಂದು ನೀರಿನಲ್ಲಿ ಬೇಯಿಸಿ ಬಸಿದಳು. ನೀರು ಆರುವವರೆಗೂ ಪಾತ್ರೆಯ ಮುಂದೆಯೇ ನಿಂತಿದ್ದು, ಬಿಸಿಲು ಇಳಿದ ಮೇಲೆ ಅಂಗಳಕ್ಕೆ ಒಯ್ದಳು. ಬಿಸ್ಮಿಲ್ಲಾ ಹೇಳಲು ಇವತ್ತು ಬೇರೆ ಯಾರೂ ಇರಲಿಲ್ಲ. ತಾನೇ ಹೇಳಿ ಪಾತ್ರೆ ಬಗ್ಗಿಸಿದಳು. ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಹಜ್ಜಮ್ಮ ಗಜಾಲಾ ಅವರ ಮಗಳಾ?" ನರ್ಸಿನ ದನಿ. "ಕಣ್ಣು ಬಿಟ್ಟಿದಾರೆ. ಮಾತೂ ಆಡ್ತಿದಾರೆ. ಆದ್ರೆ ಮಂಪರು ಇನ್ನೂ ಪೂರ್ತಿ ಇಳಿದಿಲ್ಲ ಅನ್ಸತ್ತೆ. ನೀರು ನೀರು ಅಂತಾರೆ, ಬಾಯಾರಿಕೆ ಅಂತ ತುಟಿ ಒದ್ದೆ ಮಾಡಿದ್ರೆ ತಲೆ ಅಲ್ಲಾಡಿಸ್ತಾರೆ. ಎಲ್ಲಿಗೆ ಹಾಕಿದಾಳೆ ಕೇಳು ಅವಳನ್ನ, ಅಂತ ಒಂದೇ ಸಮ ಹೇಳ್ತಿದಾರೆ. ಏನು ಹೇಳ್ಲಿ ನಾನು?"

ನೂರಿಯಾ ಬುಡದ ಒದ್ದೆ ಮಣ್ಣನ್ನು ನೋಡಿದಳು.

"ಗಿಡಕ್ಕೆ," ಎಂದಳು. "ಈಗ ಹಾಕ್ತಾ ಇದಾಳೆ ಅಂತ ಹೇಳಿ."

ಫೋನನ್ನು ಕಟ್ಟೆಯ ಮೇಲಿಟ್ಟು ಪಾತ್ರೆಯಲ್ಲಿ ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬುಡದ ಸುತ್ತ ಹೊಯ್ದಳು. ಕೆದಕಿದ ಮಣ್ಣು ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಎಳೆದುಕೊಂಡಿತು.